ಕೂಲಿಮಠದ ಲೆಕ್ಕವೂ ಗಣಿತಬೋಧೆಯ ಕ್ರಮವೂ

ಕನ್ನಡನಾಡಿನ ಹಳ್ಳಿಗಳಲ್ಲಿ ‘ಮಠಕ್ಕೆ ಹೋಗುವುದು’ ಎಂಬ ಮಾತಿಗೆ ಒಂದು ಕಾಲದಲ್ಲಿ ಎರಡು ಅರ್ಥಗಳಿದ್ದುವು. ಭಕ್ತನು ಗುರುದರ್ಶನಕ್ಕಾಗಿ ಮಠಕ್ಕೆ ಹೋಗುತ್ತಿದ್ದನು. ಐದು ವರ್ಷದ ಬಾಲಕನು ಅಕ್ಷರವನ್ನೂ ಲೆಕ್ಕವನ್ನೂ ಕಲಿಯುವುದಕ್ಕಾಗಿ ಮಠಕ್ಕೆ ಹೋಗುತ್ತಿದ್ದನು. ಈ ಎರಡನೆಯದಕ್ಕೆ ಕೂಲಿಮಠವೆಂದು ಹೆಸರು. ಮಕ್ಕಳ ತಂದೆತಾಯಿಗಳು ಕೊಡುವ ಕೂಲಿಯಿಂದ, ಎಂದರೆ ಕಾಳುಕಡ್ಡಿ ಕಾಸುಗಳಿಂದ, ಉಪಾಧ್ಯಾಯನ ಜೀವನವು ಸಾಗುತ್ತಿದ್ದುದರಿಂದ ಆ ಹೆಸರು ಬಂದಿತು. ಗುಡಿಯ ಜಗಲಿ, ಸಾಹುಕಾರನ ಮನೆಯ ಪಡಸಾಲೆ, ಊರ ಚಾವಡಿ, ಇವುಗಳಲ್ಲಿ ಯಾವುದಾದರೂ ಪಾಠಶಾಲೆಯಾಗುತ್ತಿದ್ದಿತು. ಕಲಿಸುವವರನ್ನು ಜನರು ‘ಐಗಳು’ ಎಂದು ಕರೆಯುತ್ತಿದ್ದರು. ‘ಅಯ್ಯಗಳು’ ಎಂಬ ಗೌರವವಾಚಕವೇ ಬಾಯಿಮಾತಿನಲ್ಲಿ ಹೀಗಾಯಿತು. ಎಷ್ಟೋ ಊರುಗಳಲ್ಲಿ ಆ ಐಗಳು ಜಂಗಮರೇ ಆಗಿದ್ದುದರಿಂದ ಆ ಹೆಸರು ಅನ್ವರ್ಥವಾಗಿಯೂ ಇದ್ದಿತು.

ಈ ಕೂಲಿಮಠಗಳು ಈಗ ಇಲ್ಲ. ಅವುಗಳ ವಿಷಯವಾಗಿ ಉಳಿದಿರುವುದು ಒಂದು ದೂರು ಮಾತ್ರವೇ. ಅಲ್ಲಿ ಕಲಿಸುತ್ತಿದ್ದುದು ಗಿಳಿಪಾಠ, ಹುಡುಗರು ಅರ್ಥವರಿಯದೆ ಮಗ್ಗಿಯನ್ನು ಕೂಗುತ್ತಿದ್ದರು, ಬುದ್ಧಿಗೆ ಅಲ್ಲಿ ಕೆಲಸವಿರಲಿಲ್ಲ ಎಂಬುದೇ ಆ ದೂರು. ಇದನ್ನು ಹೇಳುವವರು ಕೂಲಿಮಠವನ್ನು ಕಂಡವರಲ್ಲ. ಕಂಡವರು ಬರೆದಿಟ್ಟುದನ್ನು ಓದಿದವರೂ ವಿರಳ. ಆದಕಾರಣ ಕನ್ನಡಿಗರು ಲೆಕ್ಕವನ್ನು ಹೇಗೆ ಕಲಿಸುತ್ತಿದ್ದರು, ಆ ಕ್ರಮದಲ್ಲಿ ಯಾವುದು ಸಾರ, ಯಾವುದು ಹೊಟ್ಟು ಎಂಬುದನ್ನು ದೊರೆತಿರುವ ಆಧಾರಗಳಿಂದ ವಿಚಾರಮಾಡುವುದು ಯುಕ್ತವಾಗಿದೆ. ವಿದ್ಯಾದಾನವನ್ನು ಅನ್ನದಾನದೊಡನೆ ಸಮವಾಗಿ ನಡೆಸಿಕೊಂಡು ಬಂದ ಮಠದ ಭಕ್ತರಿಗೆ ಈ ವಿಚಾರವು ಪರಕೀಯವೆನಿಸದು.

ಮೊದಲು ಗ್ರಂಥಗಳ ಮಾತು. ಕನ್ನಡನಾಡಿನಲ್ಲಿ ಗಣಿತಶಾಸ್ತ್ರದ ಪಠನಪಾಠನಗಳು ಬಹು ಪ್ರಾಚೀನವಾದುವು. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಕನ್ನಡಕ್ಕೆ ‘ಕವಿರಾಜಮಾರ್ಗ’ವನ್ನು ಕೊಟ್ಟ ಆಸ್ಥಾನವೇ ಗಣಿತಕ್ಕೆ ಈ ಗ್ರಂಥವನ್ನೂ ಕೊಟ್ಟಿತು. 1912ರಲ್ಲಿ ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಪಡಿಸಿದ ಮೇಲೆ ಲೋಕದ ವಿದ್ವಾಂಸರ ದೃಷ್ಟಿಯು ಇದರ ಕಡೆಗೆ ತಿರುಗಿತು. ಗ್ರಂಥದ ಆದಿಯಲ್ಲಿ ಆಚಾರ್ಯನು ಗಣಿತದ ಉಪಯೋಗವನ್ನು ಹೊಗಳುತ್ತ, ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು ಇವೆಲ್ಲಕ್ಕೂ ಗಣಿತವು ಬೇಕೆಂದು ಹೇಳುತ್ತಾನೆ. ಅಡುಗೆಯವನಿಗೂ ವೈದ್ಯನಿಗೂ ಬೇಕಾದ ವಿದ್ಯೆಯೆಂದು ಹೇಳಿ ಪಾಠವನ್ನು ಆರಂಭಿಸುವ ಉಪಾಧ್ಯಾಯನು ಶಿಷ್ಯನ ಮನಸ್ಸನ್ನು ಬಲ್ಲವನೇ ಸರಿ.

ಈ ಗ್ರಂಥದಲ್ಲಿ ಬೋಧಕನ ಕೌಶಲವು ಕಾಣುವ ಒಂದು ಸ್ಥಳವನ್ನು ಇಲ್ಲಿ ತೋರಿಸಬಹುದು. ಗುಣಾಕಾರದ ಅಭ್ಯಾಸಕ್ಕೆಂದು ಮಹಾವೀರನು ಕೊಡುವ ಲೆಕ್ಕಗಳಲ್ಲಿ ಕೆಲವು ಉತ್ತರಗಳು ಕಂಠಹಾರದಂತೆ ಬರುತ್ತವೆ. 139ನ್ನು 109ರಿಂದ ಗುಣಿಸಿದರೆ 15151 ಬರುವುದು. 27994681ನ್ನು 441ರಿಂದ ಗುಣಿಸಿದರೆ 12345654321 ಬರುವುದು. 142857143ನ್ನು 7ರಿಂದ ಗುಣಿಸಿದರೆ 1000000001 ಬರುವುದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಈ ಸಂಖ್ಯೆಗಳನ್ನು ಅವನು ಹಾರವೆಂದು ಕರೆಯುತ್ತಾನೆ. ಇದು ಬರಿಯ ಚಮತ್ಕಾರವೆಂದು ತೋರಬಹುದು. ಆದರೆ ಗುಣಾಕಾರವನ್ನು ಮಾಡಿ ಮುಗಿಸಿದ ಬಾಲಕನು ಗುರುವಿನ ಬಳಿಗೆ ಹೋಗದೆಯೇ ತನ್ನ ಲೆಕ್ಕವು ಸರಿಯೋ ತಪ್ಪೋ ಎಂಬುದನ್ನು ತಾನೇ ಅರಿಯುತ್ತಾನೆ. ಹಾರದ ಒಂದು ಮಣಿಯು ಕೆಟ್ಟಿದ್ದರೆ ಕಣ್ಣಿಗೆ ಕಾಣುತ್ತದೆ. ಕೆಡದಿದ್ದರೆ ಅವನಿಗೆ ಸಂತೋಷವಾಗುತ್ತದೆ. ಬೇಸರದ ಅಭ್ಯಾಸಕ್ಕೆ ಇಂತಹ ಬಹುಮಾನವನ್ನು ಒಳಗೇ ಇಟ್ಟವನು ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಬ್ಬ ಮುನಿಯು.

ಮಹಾವೀರನಿಂದಲೂ ತಪ್ಪುಗಳು ಆಗದೆ ಇಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗುವುದಿಲ್ಲವೆಂದು ಅವನು ಬರೆದನು. ಇದು ಸರಿಯಲ್ಲ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಹೇಳಿದನು. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಅವನ ಗ್ರಂಥಗಳಲ್ಲಿ ಸೂತ್ರವು ಪದ್ಯದಲ್ಲಿಯೂ ಅದರ ವಿವರಣೆಯು ಗದ್ಯದಲ್ಲಿಯೂ ಇದ್ದು, ತ್ರೈರಾಶಿ, ಪಂಚರಾಶಿ ಮೊದಲಾದ ಲೆಕ್ಕಗಳಿಗೆ ಉದಾಹರಣೆಗಳಿವೆ. ಶರಣರು ಧರ್ಮವನ್ನು ಜನರ ನುಡಿಯಲ್ಲಿ ಹೇಳಿದ ಶತಮಾನವೇ ಅದು. ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡಿಕೊಂಡು ಭಂಡಾರಿಯೆನಿಸಿದ ಬಸವಣ್ಣನವರು ಇದ್ದುದೂ ಆ ಶತಮಾನದಲ್ಲಿಯೇ. ರಾಜಾದಿತ್ಯನಿಗೂ ಶರಣರಿಗೂ ಸಂಬಂಧವಿದ್ದಿತೆಂದು ಇದರಿಂದ ಹೇಳುವಂತಿಲ್ಲ, ಅವನು ಜೈನನು. ಗಹನವಾದುದನ್ನು ಕನ್ನಡದಲ್ಲಿ ಹೇಳಬಹುದೆಂಬ ಧೈರ್ಯವು ಆ ಕಾಲದ ವಾಯುವಿನಲ್ಲಿ ಇದ್ದಿತು ಎಂದಷ್ಟೇ ಹೇಳಬಹುದು.

1150ರಲ್ಲಿ ಭಾಸ್ಕರಾಚಾರ್ಯನ ‘ಲೀಲಾವತಿ’ಯು ಹುಟ್ಟಿತು. ಸಹ್ಯಾದ್ರಿಯ ಸಮೀಪದ ಅವನ ಊರು ಬಿಜಾಪುರವೇ ಎಂದು ಕೆಲವರು, ಅಲ್ಲವೆಂದು ಕೆಲವರು ಹೇಳುತ್ತಾರೆ. ಆ ವಾದವು ಇಲ್ಲಿ ಬೇಡ. ಮದುವೆಯ ಮುಹೂರ್ತವು ತಪ್ಪಿದ ಮಗಳ ದುಃಖವನ್ನು ಕಳೆಯಲು ತಂದೆಯು ಈ ಗ್ರಂಥವನ್ನು ಬರೆದನೆಂಬ ಕಥೆಯು ಮೂಲಗ್ರಂಥದಲ್ಲಿ ಇಲ್ಲ. ಅಕ್ಬರನ ಆಜ್ಞೆಯಿಂದ 1587ರಲ್ಲಿ ಫೈಜಿಯು ಮಾಡಿದ ಪಾರಸಿ ಭಾಷಾಂತರದಲ್ಲಿ ಅದು ಕಾಣುತ್ತದೆ. ಕಥೆಯು ಹೇಗಾದರೂ ಇರಲಿ, ಪ್ರಶ್ನೆಗಳನ್ನು ಒಬ್ಬ ಬಾಲಿಕೆಯನ್ನು ಸಂಬೋಧಿಸಿ ಕೇಳುವ ಆ ಗ್ರಂಥದ ರೀತಿಯು ಭರತಖಂಡದ ಗಣಿತಬೋಧೆಗೆ ನೂರಾರು ವರ್ಷ ಮೇಲ್ಪಂಕ್ತಿಯಾಗಿದ್ದಿತು.

ಈ ಗ್ರಂಥಗಳೆಲ್ಲಕ್ಕೂ ಸಾಮಾನ್ಯವಾದ ಒಂದು ಲಕ್ಷಣವುಂಟು. ಸೂತ್ರವಿದೆ, ಉದಾಹರಣೆಯಿದೆ, ಸೂತ್ರವು ಏಕೆ ಸತ್ಯವೆಂಬ ಉಪಪತ್ತಿಯು ಮೂಲದಲ್ಲಿ ಪ್ರಾಯಶಃ ಇಲ್ಲ. ಇದನ್ನು ನೋಡಿ, ಇವರಿಗೆ ಕಾರಣವು ಬೇಕಾಗಿರಲಿಲ್ಲವೆಂದು ಕೆಲವು ಪಾಶ್ಚಾತ್ಯರು ಬರೆದರು. ಆದರೆ 1545ರಲ್ಲಿ ಗಣೇಶದೈವಜ್ಞನು ಲೀಲಾವತಿಗೆ ಬರೆದ ‘ಬುದ್ಧಿವಿಲಾಸಿನಿ’ ಎಂಬ ವ್ಯಾಖ್ಯಾನದಲ್ಲಿ ಉಪಪತ್ತಿಗಳು ವಿಸ್ತಾರವಾಗಿ ಇವೆ. ಹೀಗಿರಲು ವಿಷಯವು ಸ್ಪಷ್ಟವಾಗುತ್ತದೆ. ಸೂತ್ರವು ನೆನಪಿನಲ್ಲಿರಬೇಕಾದುದರಿಂದ ಪದ್ಯವಾಯಿತು. ಕಾರಣವು ಗುರುವಿನ ಬಾಯಲ್ಲಿ ಇದ್ದಿತು. ಗ್ರಂಥವು ವಿದ್ಯೆಯ ಅರ್ಧ, ಗುರುವು ಇನ್ನರ್ಧ. ಗುರುವು ಸಮರ್ಥನಾಗಿದ್ದರೆ ಶಿಷ್ಯನಿಗೆ ಎರಡೂ ದೊರೆಯುತ್ತಿದ್ದುವು. ಅಸಮರ್ಥನಾಗಿದ್ದರೆ ಪದ್ಯವು ಮಾತ್ರ ಉಳಿಯುತ್ತಿದ್ದಿತು. ಮುಂದೆ ಕೂಲಿಮಠಗಳಲ್ಲಿ ಕಾಣುವ ಗುಣದೋಷಗಳೆರಡಕ್ಕೂ ಬೀಜವು ಇಲ್ಲಿಯೇ ಇದೆ.

ಕೂಲಿಮಠದೊಳಗೆ ಏನು ನಡೆಯುತ್ತಿದ್ದಿತೆಂಬುದಕ್ಕೆ ಅತ್ಯಂತ ಬೆಲೆಯುಳ್ಳ ಸಾಕ್ಷ್ಯವು 1823ರದು. ಮದರಾಸಿನ ಗವರ್ನರ್ ಆಗಿದ್ದ ಸರ್ ತಾಮಸ್ ಮನ್ರೋ 1822ರಲ್ಲಿ ತನ್ನ ಆಳ್ವಿಕೆಗೆ ಸೇರಿದ ಜಿಲ್ಲೆಗಳ ಶಾಲೆಗಳನ್ನೆಲ್ಲ ಎಣಿಸಿ ವರದಿಮಾಡುವಂತೆ ಕಲೆಕ್ಟರುಗಳಿಗೆ ಅಪ್ಪಣೆಮಾಡಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಎಂಬವನು ಎಣಿಕೆಯೊಡನೆ ತೃಪ್ತನಾಗದೆ ಶಾಲೆಯ ದಿನಚರಿಯನ್ನೂ ಪಾಠಕ್ರಮವನ್ನೂ ಸವಿಸ್ತಾರವಾಗಿ ಬರೆದು ಕಳುಹಿಸಿದನು. ಇವನು ದೇಶಭಾಷೆಗಳನ್ನು ಅರಿಯದ ಅಧಿಕಾರಿಯಲ್ಲ. 1816ರಲ್ಲಿಯೇ ತೆಲುಗಿಗೆ ವ್ಯಾಕರಣವನ್ನು ಬರೆದವನು. ಆ ಕಾಲದ ಬಳ್ಳಾರಿ ಜಿಲ್ಲೆಯು ಅನಂತಪುರದ ಸೀಮೆಯನ್ನೂ ಒಳಗೊಂಡು ಬಹು ವಿಸ್ತಾರವಾಗಿದ್ದಿತು. ಅಲ್ಲಿ 9,27,857 ಜನರಿಗೆ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡವನ್ನು ಕಲಿಸುತ್ತಿದ್ದ ಶಾಲೆಗಳು 235, ತೆಲುಗನ್ನು ಕಲಿಸುತ್ತಿದ್ದುವು 226. ಉಳಿದುವು ಮರಾಠಿ, ಪಾರಸಿ, ತಮಿಳುಗಳ ಶಾಲೆಗಳೂ, ಇಂಗ್ಲಿಷಿನ ಒಂದು ಶಾಲೆಯೂ, ಬ್ರಾಹ್ಮಣರು ಮಾತ್ರ ಓದುತ್ತಿದ್ದ 23 ವಿದ್ಯಾಸ್ಥಾನಗಳೂ. ಒಂದೊಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಹೆಣ್ಣುಮಕ್ಕಳು ಒಟ್ಟು ಅರವತ್ತೇ ಅರವತ್ತು. ಕೂಲಿಮಠವನ್ನು ಹೊಗಳಲು ಹೊರಟವರು ಈ ಕೊನೆಯ ಅಂಕಿಯನ್ನು ಮರೆಯಬಾರದು. ಸಾವಿರ ಜನರಲ್ಲಿ ಸುಮಾರು ಏಳು ಮಂದಿಗೆ ಮಾತ್ರ ಶಾಲೆಯಿದ್ದಿತೆಂಬುದನ್ನೂ ಮರೆಯಬಾರದು.

ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಗ್ರಂಥಗಳನ್ನು ಕ್ಯಾಂಬೆಲ್ಲನು ಬೇರೆಯಾಗಿ ಹೇಳಿರುವುದು ಭಕ್ತರಿಗೆ ಸಂತೋಷಕರವಾದ ಸಂಗತಿಯು. ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ ಇವು ಆ ಪಟ್ಟಿಯಲ್ಲಿವೆ. ಹೆಸರುಗಳು ಆಂಗ್ಲ ಲೇಖನದಲ್ಲಿ ವಿಕಾರಗೊಂಡಿದ್ದರೂ ಗುರುತು ಸಿಕ್ಕುತ್ತವೆ.

ಆ ವರದಿಯ ಪ್ರಕಾರ ಬೆಳಗಿನ ಆರು ಗಂಟೆಗೆ ಮಠವು ಆರಂಭವಾಗುತ್ತಿದ್ದಿತು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ. ಅವನು ಹೊಗಳಿಕೆಗೂ ಪಾತ್ರನಲ್ಲ, ತೆಗಳಿಕೆಗೂ ಪಾತ್ರನಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಅಂಕಗಣಿತದ ಶ್ರೇಢಿಯನ್ನು ಬಾಲಕನು ಮೊಟ್ಟಮೊದಲು ಕಲಿಯುತ್ತಿದ್ದುದು ಹೀಗೆ ಎಂದು ನಗೆಗೆ ಹೇಳಬಹುದು. ಆದರೆ ಹನ್ನೆರಡನೆಯವನಾಗಿ ಬಂದವನಿಗೆ ಅದು ನಗೆಯ ವಿಷಯವಾಗಿರಲಿಲ್ಲ. ಸೋಮಾರಿಗಳನ್ನು ಎರಡೂ ಕೈಗಳನ್ನು ಕಟ್ಟಿ ಮಾಡಿಗೆ ತೂಗುಹಾಕುತ್ತಿದ್ದರು, ಎಡೆಬಿಡದೆ ಬಸ್ಕಿ ಹೊಡೆಯಿಸುತ್ತಿದ್ದರು. ಈ ಕ್ರೌರ್ಯವನ್ನು ಹಳೆಯದೆಂಬ ಕಾರಣದಿಂದ ಮನ್ನಿಸಲಾಗದು.

ಪಾಠಕ್ರಮಕ್ಕೆ ಬಂದರೆ, ಬಾಲಕನು ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರವನ್ನು ತಿದ್ದುತ್ತಿದ್ದನು. ಯುರೋಪಿನವರಂತೆ ಅಕ್ಷರಗಳ ಹೆಸರನ್ನು ಕೂಗಿ ಕಲಿಯುವುದಲ್ಲ, ಬರೆದು ಕಲಿಯುವುದು ಎಂದು ಕ್ಯಾಂಬೆಲ್ಲನು ಎತ್ತಿ ಹೇಳುತ್ತಾನೆ. ಬೆರಳು ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯು ಮೂರು ಅಡಿ ಉದ್ದ, ಒಂದು ಅಡಿ ಅಗಲದ ಮರ. ಅದಕ್ಕೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿದರೆ ಬರೆಯಲು ಸಿದ್ಧ. ಕಡತವು ಗಂಜಿ ಹಾಕಿ ಬಿರುಸುಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟುಗಳ ಲೇಪವನ್ನು ಕೊಟ್ಟುದು. ಎರಡರ ಮೇಲೂ ಬಳಪದಿಂದ ಬರೆದು ಒದ್ದೆಯ ಬಟ್ಟೆಯಿಂದ ಒರೆಸಬಹುದಾಗಿದ್ದಿತು. ಅಕ್ಷರ, ಒತ್ತಕ್ಷರ, ಮನುಷ್ಯರ ಮತ್ತು ಊರುಗಳ ಹೆಸರು, ಇಷ್ಟಾದ ಮೇಲೆಯೇ ಲೆಕ್ಕದ ಅಂಕೆಗಳು. ಐದನೆಯ ವರ್ಷದಲ್ಲಿ ಸೇರಿದ ಹುಡುಗನು ಲೆಕ್ಕಕ್ಕೆ ಬರುವ ವೇಳೆಗೆ ಬರೆವಣಿಗೆಯಲ್ಲಿ ಸಾಕಷ್ಟು ನುರಿತಿರುತ್ತಿದ್ದನೆಂದು ಇದರಿಂದ ಊಹಿಸಬಹುದು. ಕೂಡುವ ಮಗ್ಗಿ, ಒಂದರಿಂದ ನೂರರವರೆಗಿನ ಎಣಿಕೆ, ಹಣದ ಸುಲಭವಾದ ಸಂಕಲನ ವ್ಯವಕಲನಗಳು, ಗುಣಾಕಾರ, ಹಣವನ್ನೂ ಅಳತೆಗಳನ್ನೂ ಮೇಲಿನ ಮಾನದಿಂದ ಕೆಳಗಿನ ಮಾನಕ್ಕೆ ಇಳಿಸುವುದು, ಇದು ಅನುಕ್ರಮ.

ಎಲ್ಲಕ್ಕಿಂತ ಹೆಚ್ಚಿನ ಶ್ರಮವನ್ನು ವಹಿಸುತ್ತಿದ್ದುದು ಭಿನ್ನರಾಶಿಗಳಿಗೆ. ಅವು ದಶಾಂಶದಂತೆ ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಇಳಿಯುತ್ತಿದ್ದುವು. ಒಂದರಲ್ಲಿ ನಾಲ್ಕನೆಯ ಪಾಲು ಕಾಲು. ಕಾಲಿನಲ್ಲಿ ನಾಲ್ಕನೆಯ ಪಾಲು ವೀಸ, ಎಂದರೆ ಹದಿನಾರರಲ್ಲಿ ಒಂದು. ವೀಸದಲ್ಲಿ ನಾಲ್ಕನೆಯ ಪಾಲು ಕಾಣಿ, ಎಂದರೆ ಅರುವತ್ತನಾಲ್ಕರಲ್ಲಿ ಒಂದು. ಇನ್ನೂ ಕೆಳಗಿನ ಪಾಲುಗಳಿಗೂ ಹೆಸರುಗಳಿದ್ದುವು. ಈ ಭಿನ್ನಗಳನ್ನೂ, ಕೂಡುವ ಮತ್ತು ಗುಣಿಸುವ ಮಗ್ಗಿಗಳನ್ನೂ, ಅಳತೆ ತೂಕ ಉದ್ದಗಳ ಕೋಷ್ಟಕಗಳನ್ನೂ ದಿನಕ್ಕೆ ಎರಡು ಸಲ ಹುಡುಗರೆಲ್ಲರೂ ಸಾಲಾಗಿ ನಿಂತು, ಒಬ್ಬ ಹಿರಿಯ ವಿದ್ಯಾರ್ಥಿಯು ಹೇಳಿಕೊಟ್ಟಂತೆ, ಒಕ್ಕೊರಲಿನಿಂದ ಹೇಳುತ್ತಿದ್ದರು.

ಗಿಳಿಪಾಠವೆಂಬ ದೂರು ಬಂದುದು ಈ ಒಕ್ಕೊರಲಿನ ಮೇಲೆ. ಆದರೆ ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಗಿಳಿಯ ಹೋಲಿಕೆಯನ್ನು ಕ್ಯಾಂಬೆಲ್ಲನು ಕೊಟ್ಟಿರುವುದು ನಿಜವೇ. ಕೊಟ್ಟಿರುವುದು ಲೆಕ್ಕಕ್ಕಲ್ಲ, ಪದ್ಯಗಳಿಗೆ. ಕಾವ್ಯದ ಭಾಷೆಯು ಮಾತಿನ ಭಾಷೆಗಿಂತ ಬೇರೆಯಾದುದರಿಂದ ಹುಡುಗರು ಅಸಂಖ್ಯ ಪದ್ಯಗಳನ್ನು ಅರ್ಥವರಿಯದೆ ಒಪ್ಪಿಸುತ್ತಾರೆ, ಅರ್ಥವನ್ನು ಹೇಳಬಲ್ಲ ಉಪಾಧ್ಯಾಯರಿಲ್ಲ ಎಂಬುದು ಅವನ ಆಕ್ಷೇಪ. ಲೆಕ್ಕದ ವಿಷಯದಲ್ಲಿ ಉಪಾಧ್ಯಾಯರು ಬಹಳ ಶ್ರಮವಹಿಸುತ್ತಾರೆಂದಷ್ಟೇ ಅವನು ಬರೆದನು. ಇಷ್ಟೆಲ್ಲ ದಂಡಶ್ರಮದಿಂದ ಹುಡುಗನಿಗೆ ದೊರೆಯುವುದು ನೆನಪಿನ ಪಳಗುವಿಕೆ ಮತ್ತು ಸಾಮಾನ್ಯ ವ್ಯವಹಾರಕ್ಕೆ ಬೇಕಾದ ಓದುಬರಹದ ಶಕ್ತಿ ಮಾತ್ರವೆಂದು ಹಳಿಯುವಾಗಲೂ, ಆ ವ್ಯವಹಾರಶಕ್ತಿಯನ್ನು ಅವನು ಅಲ್ಲಗಳೆಯಲಿಲ್ಲ. ಮುಂದಿನವರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರು.

ಲೆಕ್ಕದ ಮಗ್ಗಿಯೂ ಕಾವ್ಯದ ಪದ್ಯವೂ ಒಂದೇ ಜಾತಿಯವಲ್ಲ. ಕಾವ್ಯದ ಹಳಗನ್ನಡ ಶಬ್ದವು ಹುಡುಗನ ಮನೆಯಲ್ಲಿ ಇರಲಿಲ್ಲ. ಪಾವು, ಸೇರು, ಬಳ್ಳ, ಕೊಳಗಗಳು ಇದ್ದುವು. ಅವನ ತಾಯಿಯು ಪಾವಿನಿಂದ ಅಕ್ಕಿಯನ್ನು ಅಳೆಯುತ್ತಿದ್ದಳು, ತಂದೆಯು ಕಣದಲ್ಲಿ ಕೊಳಗದಿಂದ ರಾಶಿಯನ್ನು ಅಳೆಯುತ್ತಿದ್ದನು. ನಾಲ್ಕು ಪಾವಿಗೆ ಒಂದು ಸೇರೆಂದು ಮಠದಲ್ಲಿ ಕೂಗಿದುದನ್ನು ಅವನು ಮಧ್ಯಾಹ್ನವೇ ಕಣ್ಣಾರೆ ನೋಡುತ್ತಿದ್ದನು. ಇನ್ನು ನಾಲ್ಕು ನಾಲ್ಕಾಗಿ ಇಳಿಯುವ ಭಿನ್ನದ ಪ್ರಯೋಜನವನ್ನು ನೋಡಬೇಕಾದರೆ ತರುವಾಯದ ಕಾಲದ ರೂಪಾಯಿ ಆಣೆಗಳ ಉದಾಹರಣೆಯು ಸಾಕು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಕಾಲಾಣೆ. ಆದುದರಿಂದ ಆಣೆಯು ರೂಪಾಯಿಯ ವೀಸ, ಕಾಲಾಣೆಯು ರೂಪಾಯಿಯ ಕಾಣಿ. ಸೇರಿಗೂ ನಾಲ್ಕು ಪಾವು, ಆಣೆಗೂ ನಾಲ್ಕು ಕಾಲು. ಹೀಗಿರಲು ಸೇರು ಬೆಲ್ಲಕ್ಕೆ ಐದು ಆಣೆಯಾದರೆ ಪಾವಿಗೆ ಐದು ಕಾಲಾಣೆಯೆಂದು ಹುಡುಗನು ಬಳಪವನ್ನು ಮುಟ್ಟದೆಯೇ ಹೇಳುತ್ತಿದ್ದನು. ಸೇರಿಗೆ ಐದು ಆಣೆಯಾದರೆ ಹದಿನಾರು ಸೇರಿಗೆ ಐದು ರೂಪಾಯಿಯೆಂಬುದೂ ಹಾಗೆಯೇ. ಸಂತೆಯಲ್ಲಿ ಕಾಗದವಿಲ್ಲ, ತಕ್ಕಡಿಯು ತೂಗುತ್ತಿದೆ, ಎದುರಿನವನು ಕಾಯುವುದಿಲ್ಲ. ಅಂತಹ ಸ್ಥಳದಲ್ಲಿ ಮೋಸಹೋಗದೆ ಬದುಕುವುದಕ್ಕೆ ಬೇಕಾದ ಆಯುಧವು ಬಾಯಲ್ಲಿದ್ದ ಮಗ್ಗಿಯೇ. ತಮಿಳುನಾಡಿನ ತಿಣ್ಣೆಶಾಲೆಗಳ ಗಣಿತವನ್ನು ಕುರಿತು ಸಂಶೋಧನೆಮಾಡಿದ ಸೆಂದಿಲ್ ಬಾಬು ಅವರು ಇದನ್ನೇ ಅಲ್ಲಿಯ ಆಧಾರಗಳಿಂದ ತೋರಿಸಿದ್ದಾರೆ. ಅಲ್ಲಿ ನೆನಪೆಂಬುದು ತಿಳಿವಿಗೆ ಎದುರಾಳಿಯಾಗಿರಲಿಲ್ಲ, ತಿಳಿಯುವ ಒಂದು ರೀತಿಯೇ ಆಗಿದ್ದಿತು.

ಹಿರಿಯ ಹುಡುಗನು ಕಿರಿಯರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಬೆಲ್ಲನು ಮನಸಾರೆ ಮೆಚ್ಚಿದನು. ಕಲಿಸುವವನ ವಿದ್ಯೆಯೂ ಅದರಿಂದ ದೃಢವಾಗುತ್ತದೆ, ಇಂಗ್ಲೆಂಡು ಇದನ್ನು ಅನುಕರಿಸಿರುವುದು ಯೋಗ್ಯವೇ ಆಗಿದೆ ಎಂದು ಅವನು ಬರೆದನು. ಈ ಅನುಕರಣದ ಕಥೆಯು ಮದರಾಸಿನದು. ಅಲ್ಲಿನ ಎಗ್ಮೂರಿನಲ್ಲಿ ಸೈನಿಕರ ಅನಾಥ ಬಾಲಕರಿಗಾಗಿ ಸ್ಥಾಪಿತವಾಗಿದ್ದ ಶಾಲೆಗೆ 1789ರಲ್ಲಿ ಮೇಲ್ವಿಚಾರಕನಾದ ಆಂಡ್ರೂ ಬೆಲ್ ಎಂಬ ಪಾದ್ರಿಯು, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಉಪಾಧ್ಯಾಯರಿಗೆ ಹೇಳಿದನು. ಅವರು ಒಪ್ಪದಿರಲು ಎಂಟು ವರ್ಷದ ಒಬ್ಬ ಹುಡುಗನನ್ನೇ ಚಿಕ್ಕವರಿಗೆ ಗುರುವನ್ನಾಗಿ ನೇಮಿಸಿದನು. ಪ್ರಯೋಗವು ಫಲಿಸಿತು. 1797ರಲ್ಲಿ ಬೆಲ್ಲನು ಇದನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರನು ಇಂತಹದೇ ಕ್ರಮದಿಂದ ನೂರಾರು ಬಡಮಕ್ಕಳಿಗೆ ಒಂದೇ ಶಾಲೆಯಲ್ಲಿ ಪಾಠವನ್ನು ನಡೆಸಿದನು. ಆದರೆ ಹನ್ನೆರಡು ಮಕ್ಕಳ ಜಗಲಿಯಲ್ಲಿ, ಐಗಳ ಕಣ್ಣೆದುರಿನಲ್ಲಿ ಸ್ವಾಭಾವಿಕವಾಗಿದ್ದ ಕ್ರಮವು ಅಲ್ಲಿ ಕಾರ್ಖಾನೆಯ ಯಂತ್ರದಂತಾಯಿತು. ಕ್ರಮವು ಸಮುದ್ರವನ್ನು ದಾಟಿತು, ಗುರುವಿನ ಕಣ್ಣು ದಾಟಲಿಲ್ಲ.

ಕೂಲಿಮಠಗಳು ಕ್ಷೀಣಿಸಿದುದು ಅವುಗಳ ಬೋಧನಾಕ್ರಮದ ದೋಷದಿಂದಲ್ಲ. ಕ್ಯಾಂಬೆಲ್ಲನೇ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ದೇಶವು ಬಡವಾಗುತ್ತಿದೆ, ಯುರೋಪಿನ ಬಟ್ಟೆಯು ಬಂದುದರಿಂದ ನೇಯ್ಗೆಯವರ ಜೀವನವು ಕುಗ್ಗಿದೆ, ಮೊದಲು ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಶಾಲೆಗಳಿಲ್ಲ, ಮಧ್ಯಮ ಮತ್ತು ಕೆಳಗಿನ ವರ್ಗದ ಬಹುಮಂದಿಗೆ ಮಕ್ಕಳ ಓದಿನ ವೆಚ್ಚವನ್ನು ಕೊಡಲು ಶಕ್ತಿಯಿಲ್ಲ. ಕಂಪೆನಿಯ ಸರಕಾರದ ಕಲೆಕ್ಟರನೇ ತನ್ನ ಸರಕಾರಕ್ಕೆ ಇದನ್ನು ಬರೆದನೆಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿಯಾಗಿದೆ. ಕೂಲಿ ನಿಂತಿತು, ಮಠವು ನಿಂತಿತು.

ಆಮೇಲಿನ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ಮೈಸೂರು ಸೀಮೆಯಲ್ಲಿ 1868ರಲ್ಲಿ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆಯು ಜಾರಿಗೆ ಬಂದಿತು. ಮುಂಬಯಿ ಕರ್ನಾಟಕದಲ್ಲಿ ಧಾರವಾಡದ ನಾರ್ಮಲ್ ಸ್ಕೂಲಿನಿಂದ ತರಬೇತಾದ ಕನ್ನಡ ಶಿಕ್ಷಕರು ಹಳ್ಳಿಹಳ್ಳಿಗೆ ಹೋದರು; ಆ ಕಾರ್ಯದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಪಟ್ಟ ಶ್ರಮವು ಕನ್ನಡಿಗರೆಲ್ಲರಿಗೂ ವಿದಿತವಾಗಿದೆ. ಪಡಸಾಲೆಯು ಹೋಗಿ ಕಟ್ಟಡವು ಬಂದಿತು, ಮರಳು ಹೋಗಿ ಕಲ್ಲಿನ ಸ್ಲೇಟು ಬಂದಿತು, ಐಗಳು ಹೋಗಿ ಮಾಸ್ತರರು ಬಂದರು. ಮಗ್ಗಿಯು ಮಾತ್ರ ಹೋಗಲಿಲ್ಲ.

ಇತ್ತ ಪಾಶ್ಚಾತ್ಯ ದೇಶಗಳಲ್ಲಿ ಗಣಿತವನ್ನು ಕಲಿಸುವುದು ಹೇಗೆಂಬುದೇ ಒಂದು ಶಾಸ್ತ್ರವಾಗಿ ಬೆಳೆಯುತ್ತಿದ್ದಿತು. ಸ್ವಿಸ್ ದೇಶದ ಪೆಸ್ತಲೋಜಿಯು (1746–1827) ಸಂಖ್ಯೆಯ ಹೆಸರಿಗಿಂತ ಮೊದಲು ವಸ್ತುವು ಮಗುವಿನ ಕಣ್ಣಿಗೂ ಕೈಗೂ ಬರಬೇಕೆಂದು ಬೋಧಿಸಿದನು. ಅವನನ್ನು ಅನುಸರಿಸಿ ಅಮೆರಿಕದ ವಾರೆನ್ ಕೋಲ್ಬರ್ನನು 1821ರಲ್ಲಿ ಬಾಯಿಲೆಕ್ಕದ ಪುಸ್ತಕವನ್ನು ಬರೆದನು. ಮುಂದೆ 1922ರಲ್ಲಿ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞನು, ಪ್ರಶ್ನೆಗೂ ಉತ್ತರಕ್ಕೂ ಮನಸ್ಸಿನಲ್ಲಿ ಒಂದು ಬಂಧವುಂಟಾಗಬೇಕು, ಆವೃತ್ತಿಯಿಂದಲೂ ಸಂತೋಷಕರವಾದ ಫಲದಿಂದಲೂ ಆ ಬಂಧವು ಬಲಿಯುತ್ತದೆ ಎಂಬ ಸಿದ್ಧಾಂತದ ಮೇಲೆ ಅಂಕಗಣಿತದ ಬೋಧೆಯನ್ನು ನಿಲ್ಲಿಸಿದನು. ಮಹಾವೀರನ ಹಾರಗಳನ್ನು ಅವನು ನೋಡಿದ್ದರೆ ಮೆಚ್ಚುತ್ತಿದ್ದನೇನೋ.

ಈ ಸಿದ್ಧಾಂತಕ್ಕೆ ದೊಡ್ಡ ಆಕ್ಷೇಪವು 1935ರಲ್ಲಿ ಬಂದಿತು. ಅಮೆರಿಕದ ವಿಲಿಯಂ ಬ್ರೌನೆಲ್ಲನು ಮೂರನೆಯ ತರಗತಿಯ ಮಕ್ಕಳಿಗೆ ಕೂಡುವ ಲೆಕ್ಕಗಳನ್ನು ಆವೃತ್ತಿಮಾಡಿಸಿ, ಬಳಿಕ ಒಬ್ಬೊಬ್ಬರನ್ನೇ ಕರೆದು ಉತ್ತರವು ಹೇಗೆ ಬಂದಿತೆಂದು ಕೇಳಿದನು. ಎಷ್ಟೋ ಮಕ್ಕಳು ಮೊದಲಿನಂತೆ ಒಳಗೊಳಗೇ ಎಣಿಸುತ್ತಲೇ ಇದ್ದರು, ಸುತ್ತುದಾರಿಗಳಿಂದಲೇ ಉತ್ತರಕ್ಕೆ ಬರುತ್ತಿದ್ದರು. ಆವೃತ್ತಿಯು ಅವರ ವೇಗವನ್ನು ಹೆಚ್ಚಿಸಿದ್ದಿತು, ಯೋಚಿಸುವ ರೀತಿಯನ್ನು ತಿದ್ದಿರಲಿಲ್ಲ. ಅರ್ಥವು ಮೊದಲು, ಆವೃತ್ತಿಯು ಆಮೇಲೆ ಎಂದು ಅವನು ನಿರ್ಣಯಿಸಿದನು. ಆವೃತ್ತಿಯು ಬೇಡವೆಂದು ಹೇಳಲಿಲ್ಲ. 1941ರಲ್ಲಿ ಜಿನೀವಾದ ಜಾನ್ ಪಿಯಾಜೆಯು ಅಲೀನಾ ಶೆಮಿನ್ಸ್ಕಾ ಎಂಬ ವಿದುಷಿಯೊಡನೆ ಇನ್ನೂ ಕೆಳಗಿನ ಪದರವನ್ನು ತೋರಿಸಿದನು. ಎರಡು ಸಾಲುಗಳಲ್ಲಿ ಸಮವಾಗಿ ಇಟ್ಟ ವಸ್ತುಗಳಲ್ಲಿ ಒಂದು ಸಾಲನ್ನು ಅಗಲಿಸಿ ಹರಡಿದರೆ, ನಾಲ್ಕೈದು ವರ್ಷದ ಮಗುವು ಅದರಲ್ಲಿ ಹೆಚ್ಚು ವಸ್ತುಗಳಿವೆಯೆಂದು ಹೇಳುತ್ತದೆ. ಬಾಯಲ್ಲಿ ಎಣಿಕೆಯು ಬಂದ ಮಾತ್ರಕ್ಕೆ ಮನಸ್ಸಿನಲ್ಲಿ ಸಂಖ್ಯೆಯು ಬಂದಂತಾಗಲಿಲ್ಲ. ಅಕ್ಷರವನ್ನು ಮೊದಲು ಕಲಿಸಿ ಲೆಕ್ಕವನ್ನು ತಡಮಾಡಿ ಆರಂಭಿಸುತ್ತಿದ್ದ ಐಗಳಿಗೆ ಈ ಶಾಸ್ತ್ರವು ತಿಳಿದಿರಲಿಲ್ಲ. ಆದರೂ ಅವರ ಅನುಕ್ರಮವು ಮಗುವಿನ ವಯಸ್ಸಿಗೆ ವಿರುದ್ಧವಾಗಿರಲಿಲ್ಲ.

ಇನ್ನು ಕನ್ನಡನಾಡಿನ ಮಗ್ಗಿಯು ನಿಜವಾಗಿಯೂ ಗಿಳಿಪಾಠವಾದುದು ಯಾವಾಗ? ವಿಚಾರಮಾಡಿದರೆ ಅದು ಐಗಳ ಕಾಲದಲ್ಲಲ್ಲ, ಸ್ವತಂತ್ರ ಭಾರತದಲ್ಲಿ ಎಂದು ತೋರುತ್ತದೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆಗಳಾದುವು. ಒಂದಾಣೆಗೆ ಆರೂಕಾಲು ಪೈಸೆ. 1956ರ ಕಾಯಿದೆಯ ಪ್ರಕಾರ ಸೇರು ಮಣಗಳು ಹೋಗಿ ಕಿಲೋಗ್ರಾಮು, ಪಾವು ಬಳ್ಳಗಳು ಹೋಗಿ ಲೀಟರು ಕ್ರಮಕ್ರಮವಾಗಿ ಬಂದುವು. ಈ ಸುಧಾರಣೆಯು ಬೇಕಾದುದೇ. ಊರೂರಿಗೆ ಬೇರೆಬೇರೆಯಾಗಿದ್ದ ಸೇರುಗಳಿಂದ ಬಡವನಿಗೆ ಆಗುತ್ತಿದ್ದ ಮೋಸವು ಅಲ್ಪವಲ್ಲ. ಆದರೆ ಆ ದಿನದಿಂದ ವೀಸಕ್ಕೆ ಅಂಗಡಿಯಲ್ಲಿ ವಸ್ತುವಿಲ್ಲದಂತಾಯಿತು, ಕಾಣಿಗೆ ನಾಣ್ಯವಿಲ್ಲದಂತಾಯಿತು. ಎಷ್ಟೋ ಶಾಲೆಗಳಲ್ಲಿ ಹಳೆಯ ಮಾಸ್ತರರು ಕಾಲು, ಅರೆ, ಮುಕ್ಕಾಲು, ಒಂದೂವರೆಗಳ ಮಗ್ಗಿಯನ್ನು ಅಭ್ಯಾಸಬಲದಿಂದ ಇನ್ನೂ ಕೆಲವು ವರ್ಷ ಹೇಳಿಸಿದರು. ಹುಡುಗರು ಕೂಗಿದರು. ಮನೆಗೆ ಹೋದರೆ ಅದಕ್ಕೆ ಜೋಡಿಯಾಗುವುದು ಏನೂ ಇರಲಿಲ್ಲ. ಅದೇ ಮಗ್ಗಿ, ಅದೇ ರಾಗ. ಒಳಗಿನ ಕಾಳು ಮಾತ್ರ ಉದುರಿಹೋಗಿದ್ದಿತು.

ಹೊಸ ದಶಾಂಶಪದ್ಧತಿಗೆ ತಕ್ಕ ಹೊಸ ಬಾಯಿಲೆಕ್ಕವನ್ನು ಯಾರೂ ಅಷ್ಟೇ ಶ್ರಮದಿಂದ ಕಟ್ಟಲಿಲ್ಲವೆಂಬುದು ವಿಷಾದದ ಸಂಗತಿಯು. ನಾಲ್ಕು ನಾಲ್ಕಾಗಿ ಇಳಿಯುವ ಭಿನ್ನಕ್ಕೆ ದಿನಕ್ಕೆ ಎರಡಾವೃತ್ತಿ ಸಮಯವನ್ನು ಕೊಟ್ಟ ನಾಡಿನಲ್ಲಿ ಹತ್ತು ಹತ್ತಾಗಿ ಇಳಿಯುವ ಭಿನ್ನವು ಪುಸ್ತಕದ ಒಂದು ಅಧ್ಯಾಯವಾಗಿ ಬಂದಿತು. ಗಣಿತವೆಂದರೆ ಮಕ್ಕಳಿಗೆ ಭಯವೆಂದು 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿಗಾಗಿ ಗಣಿತಬೋಧೆಯನ್ನು ಕುರಿತು ವಿಚಾರಮಾಡಿದ ವಿದ್ವಾಂಸರು ಸ್ಪಷ್ಟವಾಗಿ ಬರೆದರು. ಸೂತ್ರಗಳನ್ನು ತುಂಬುವುದಕ್ಕಿಂತ ಮಗುವಿನ ಆಲೋಚನೆಯೇ ಗಣಿತಮಯವಾಗಬೇಕೆಂದು ಹೇಳಿದರು. ಹಳೆಯ ಐಗಳ ಭಯವು ಬೆತ್ತದ ಭಯವಾಗಿದ್ದಿತು, ಲೆಕ್ಕದ ಭಯವೆಂಬುದಕ್ಕೆ ಕ್ಯಾಂಬೆಲ್ಲನ ವರದಿಯಲ್ಲಿ ಸೂಚನೆಯಿಲ್ಲ.

ಆ ವರದಿಯು 1983ರಲ್ಲಿ ಧರ್ಮಪಾಲರ ಗ್ರಂಥದಲ್ಲಿ ಪುನಃ ಪ್ರಕಟವಾಗಿ ಎಲ್ಲರಿಗೂ ದೊರೆಯುವಂತಾಯಿತು. ಮಗ್ಗಿಯ ಪುಸ್ತಕಗಳು ಈಗಲೂ ಕನ್ನಡನಾಡಿನ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ, ಮಕ್ಕಳು ಅವನ್ನು ರಾಗವಾಗಿಯೇ ಹೇಳುತ್ತಾರೆ. ವೀಸವೂ ಕಾಣಿಯೂ ಅವರ ಬಾಯಲ್ಲಿಲ್ಲ. ಹಳ್ಳಿಯ ಮುದುಕಿಯರ ಅಟ್ಟದಲ್ಲಿ ಮಾತ್ರ, ಮದುವೆಯ ಅಕ್ಕಿಯನ್ನು ಅಳೆಯುವ ಶಾಸ್ತ್ರಕ್ಕೆ ಬೇಕೆಂದು ಎತ್ತಿಟ್ಟ ಹಿತ್ತಾಳೆಯ ಸೇರೂ ಪಾವೂ ಇನ್ನೂ ಕೆಲವು ಕಡೆ ಸಿಕ್ಕುತ್ತವೆ.